ಯಾರೂ "ಏಳು" ಅನ್ನದ ಒಂದು ಜಾಗ ಕೊಡಿ: ನಮ್ಮ ಊರುಗಳ ಪುರಸಭೆ ಸದಸ್ಯರಿಗೆ ಬಹಿರಂಗ ಪತ್ರ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,

ನಮಸ್ಕಾರ.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಹುಟ್ಟಿ ಬೆಳೆದದ್ದು ಕಲಬುರಗಿ ಜಿಲ್ಲೆಯ ಒಂದು ಸಣ್ಣ ಪಟ್ಟಣದಲ್ಲಿ. ಕೆಲಸ ಸಿಕ್ಕಿದ್ದು ದೂರದ ಕುಂದಾಪುರದ ಹತ್ತಿರ. 14 ವರ್ಷ ಅಲ್ಲೇ ಇದ್ದೆ. ವರ್ಗಾವಣೆ ಸಿಕ್ಕಿ ಊರಿಗೆ ಬಂದು ಎರಡು ವರ್ಷ ಆಯಿತು.

ಬಂದ ಮೊದಲ ವಾರ ಒಂದು ಸಂಜೆ ಅವ್ವನನ್ನು ಕರೆದುಕೊಂಡು ಹೊರಗೆ ಹೊರಟೆ. ಮೇ ತಿಂಗಳು. ಮನೆಯೊಳಗೆ ಕೂರಲು ಆಗುತ್ತಿರಲಿಲ್ಲ. ಹಗಲೆಲ್ಲ ಬಿಸಿಲು ಕುಡಿದ ಗೋಡೆ ರಾತ್ರಿ ಹನ್ನೊಂದರವರೆಗೂ ಕಾವು ಬಿಡುತ್ತಲೇ ಇರುತ್ತದೆ, ನಿಮಗೂ ಗೊತ್ತಿರುವ ವಿಷಯ. ಅವ್ವ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತು ಕೇಳಿದಳು: "ಎಲ್ಲಿ ಹೋಗಿ ಕುಂದ್ರೂದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಬಸ್ ಸ್ಟ್ಯಾಂಡ್ ತನಕ ನಡೆದೆವು. ವಾಪಸ್ ಬಂದೆವು. ಅವ್ವನ ಆ ಪ್ರಶ್ನೆಯನ್ನೇ ನಿಮ್ಮ ಮುಂದೆ ಇಡಲು ಈ ಪತ್ರ ಬರೆಯುತ್ತಿದ್ದೇನೆ.

ಕುಂದಾಪುರದಲ್ಲಿ ಈ ಪ್ರಶ್ನೆ ನನಗೆ ಯಾವತ್ತೂ ಬಂದಿರಲಿಲ್ಲ. ಶಾಲೆ ಬಿಟ್ಟು, ಮನೆಗೆ ಹೋಗಿ ಚಹಾ ಕುಡಿದು, ಐದೂವರೆಗೆ ಕೋಡಿಯ ಕಡೆ ಹೋಗುತ್ತಿದ್ದೆ. ಅಲ್ಲಿ ಲೈಟ್‌ಹೌಸ್ ಇದೆ, ಉದ್ದಕ್ಕೆ ಮರಳು ಇದೆ. ಬಿಸಿಲು ಅಲ್ಲೂ ಕಡಿಮೆ ಏನಿಲ್ಲ. ಮೈ ತುಂಬ ಬೆವರು, ಅಂಟು. ಆದರೆ ಹಗಲಲ್ಲಿ ನೆಲ ಬೇಗ ಕಾಯುತ್ತದೆ, ಸಮುದ್ರ ನಿಧಾನಕ್ಕೆ ಕಾಯುತ್ತದೆ. ಕಾದ ನೆಲದ ಮೇಲಿನ ಗಾಳಿ ಮೇಲಕ್ಕೆ ಏರಿದ ಹಾಗೆ ಸಮುದ್ರದ ಕಡೆಯ ತಂಪು ಗಾಳಿ ಒಳಗೆ ನುಗ್ಗುತ್ತದೆ. ಸಂಜೆ ಆ ಗಾಳಿಗೆ ಮುಖ ಕೊಟ್ಟು ಕೂತರೆ ದಿನದ ಆಯಾಸ ಇಳಿಯುತ್ತದೆ. ಮೊದಲ ದಿನ ನಾನು ಒಬ್ಬಳೇ ಹೋಗಿ ಸುಮ್ನೆ ನಿಂತಿದ್ದೆ. ಎಲ್ಲಿ ಕೂರಲಿ, ಯಾರು ಏನು ಅಂದುಕೊಳ್ಳುತ್ತಾರೋ ಎಂಬ ಅಳುಕು. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಅದು ಮೈಯಲ್ಲೇ ಇರುತ್ತದೆ. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಹೆಂಗಸೊಬ್ಬರು ತಿರುಗಿ ನೋಡಿದರು. "ಹ್ವಾಯ್, ಕೂಕಣಿ" ಅಂದರು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ತಮ್ಮ ಚುರುಮುರಿ ಪೊಟ್ಟಣ ನನ್ನ ಕಡೆ ಚಾಚಿದರು. ಆಮೇಲಿನ 14 ವರ್ಷ ನಾನು ಅಲ್ಲಿ ಎದ್ದು ನಿಂತೇ ಇಲ್ಲ ಅನ್ನಬಹುದು.

ಆ ಮರಳ ಮೇಲೆ ಯಾರ್‍ಯಾರು ಇರುತ್ತಿದ್ದರು ಅಂದರೆ, ಬ್ಯಾಂಕಿನಿಂದ ನಿವೃತ್ತರಾದವರು, ಮೀನು ಮಾರಿ ಮುಗಿಸಿ ಬುಟ್ಟಿ ಮಗುಚಿ ಅದರ ಮೇಲೆ ಕೂತವರು, ಬುರ್ಖಾ ಹಾಕಿದ ಕಾಲೇಜು ಹುಡುಗಿಯರು, ಗುಂಡಿ ತೋಡುವ ಮಕ್ಕಳು. ಒಬ್ಬರಿಗೊಬ್ಬರು ಜಾಸ್ತಿ ಮಾತಾಡುತ್ತಿರಲಿಲ್ಲ. ಎಲ್ಲರ ಮುಖವೂ ಸೂರ್ಯ ಇಳಿಯುವ ಪಡುವಣಕ್ಕೆ. ಒಂದೇ ಕಡೆ ನೋಡುತ್ತಾ ಕೂತವರ ನಡುವೆ ಮಾತಿಲ್ಲದೆಯೂ ಒಂದು ಪರಿಚಯ ಬೆಳೆಯುತ್ತದೆ. ಎರಡು ದಿನ ನಾನು ಕಾಣದಿದ್ದರೆ ಮೂರನೇ ದಿನ ಯಾರಾದರೂ ಕೇಳುತ್ತಿದ್ದರು: ಹುಷಾರಿರಲಿಲ್ಲವಾ ಅಂತ.

ಕರಾವಳಿಯ ಸಣ್ಣ ಊರುಗಳಿಗೆ ಇಂಥ ಜಾಗ ಒಂದಲ್ಲ ಒಂದು ಇದ್ದೇ ಇದೆ. ಕಾರವಾರಕ್ಕೆ ಟ್ಯಾಗೋರ್ ಕಡಲತೀರ. ರವೀಂದ್ರನಾಥ ಟ್ಯಾಗೋರರು ಚಿಕ್ಕ ವಯಸ್ಸಿನಲ್ಲಿ, ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದು ಇದ್ದ ನೆನಪಿಗೆ ಆ ಹೆಸರು. ಉಡುಪಿಗೆ ರಥಬೀದಿ. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಒಂದು ಕಡೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಗದ್ದೆ ಕೊಯ್ಲು ಮುಗಿದ ಮೇಲೆ ಅದೇ ಗದ್ದೆಯಲ್ಲಿ ಯಕ್ಷಗಾನ. ಮಂದಾರ್ತಿ ಮೇಳದ ಹರಕೆ ಆಟ ಅಂದರೆ ಟಿಕೆಟ್ ಇಲ್ಲ, ಆಮಂತ್ರಣ ಇಲ್ಲ. ಚಾಪೆ ಹಿಡಿದುಕೊಂಡು ಹೋಗಿ ಕೂತರೆ ಆಯಿತು.

ಆದರೆ ಈ ಎಲ್ಲದರ ಅರ್ಥ ನನಗೆ ತಿಳಿದದ್ದು ಮಲ್ಪೆಯಲ್ಲಿ, ನಮ್ಮದೇ ಕಡೆಯ ಒಬ್ಬ ಹೆಣ್ಣುಮಗಳ ಬಾಯಿಂದ.

ಒಂದು ಭಾನುವಾರ ಸಂಜೆ ಮಲ್ಪೆ ತೀರದಲ್ಲಿ ನಮ್ಮ ಮಾತು ಕಿವಿಗೆ ಬಿತ್ತು. "ಏ ತಮ್ಮಾ, ಒಳಗ ಹೋಗಬ್ಯಾಡ, ತೆರಿ ಬರಲತ್ತದ" ಅಂತ ಯಾರೋ ಮಗನನ್ನು ಗದರುತ್ತಿದ್ದರು. ಓಡಿಹೋಗಿ ಮಾತಾಡಿಸಿದೆ. ಯಾದಗಿರಿ ಕಡೆಯವರು. ಗಂಡ ಹೆಂಡತಿ ಇಬ್ಬರೂ ಉಡುಪಿಯಲ್ಲಿ ಕಟ್ಟಡದ ಕೆಲಸಕ್ಕೆ ಇದ್ದರು. ನಮ್ಮ ಮೂರು ಜಿಲ್ಲೆಗಳಿಂದ ಹಾಗೆ ಹೋದವರು ಎಷ್ಟು ಜನ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ವಾರಕ್ಕೆ ಒಂದೇ ರಜೆ, ಅವತ್ತು ಬಸ್ ಹತ್ತಿ ಇಲ್ಲಿಗೆ ಬರುತ್ತೇವೆ ಅಂದಳು. ಅಷ್ಟು ದೂರ ಯಾಕೆ ಬರುತ್ತೀಯವ್ವ ಎಂದು ಕೇಳಿದೆ. ಕಾಲು ಚಾಚಿ ನೀರಿಗೆ ಕೊಟ್ಟುಕೊಂಡು ಅವಳು ಹೇಳಿದಳು: "ಇಲ್ಲಿ ಕುಂತ್ರ ಯಾರೂ ಏಳು ಅನ್ನಂಗಿಲ್ರಿ, ಅಕ್ಕೋರೆ."

ಮಾನ್ಯ ಸದಸ್ಯರೇ, ಆ ಮಾತನ್ನು ನಾನು ಮರೆತಿಲ್ಲ. ಕಟ್ಟುತ್ತಿರುವ ಮನೆಯ ನೆರಳಲ್ಲಿ ಕೂತರೆ ಮೇಸ್ತ್ರಿ ಏಳು ಅನ್ನುತ್ತಾನೆ. ಅಂಗಡಿ ಮೆಟ್ಟಿಲ ಮೇಲೆ ಕೂತರೆ ಅಂಗಡಿಯವನು. ಹೋಟೆಲಲ್ಲಿ ಚಹಾ ಮುಗಿದ ಮೇಲೆ ಹುಡುಗ ಬಂದು ಟೇಬಲ್ ಒರೆಸುತ್ತಾನೆ. ಇಡೀ ವಾರದಲ್ಲಿ ಅವಳನ್ನು ಯಾರೂ ಎಬ್ಬಿಸದ ಜಾಗ ಆ ಮರಳು ಒಂದೇ. ಅದಕ್ಕೇ ಎರಡು ಮಕ್ಕಳನ್ನು ಕಟ್ಟಿಕೊಂಡು, ಬಸ್ಸಿಗೆ ದುಡ್ಡು ಕೊಟ್ಟು ಅಲ್ಲಿಗೆ ಬರುತ್ತಿದ್ದಳು.

ನಮ್ಮ ಊರುಗಳಲ್ಲೂ ಅಂಥ ಜಾಗ ಇದ್ದವು. ಅವಕ್ಕೆ ಕಟ್ಟಿ ಅನ್ನುತ್ತೇವೆ. ಅಗಸಿ ಮುಂದಿನ ಕಟ್ಟಿ, ಹಣಮಪ್ಪನ ಗುಡಿ ಕಟ್ಟಿ, ಬೇವಿನ ಕಟ್ಟಿ. ನಮ್ಮ ಓಣಿಯದು ಬೇವಿನ ಕಟ್ಟಿ. ಅದನ್ನು ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ, ಯಾಕೆಂದರೆ ಈಗ ಅದು ಇಲ್ಲ.

ಮರ ಎಷ್ಟು ಹಳೆಯದು ಎಂದು ನಮ್ಮ ಮುತ್ಯಾಗೂ ಗೊತ್ತಿರಲಿಲ್ಲ. ಅವರು ಹುಡುಗರಿದ್ದಾಗಲೂ ಅಷ್ಟೇ ದಪ್ಪ ಇತ್ತಂತೆ. ಬುಡದ ಸುತ್ತ ಮಂಡಿ ಎತ್ತರದ ಕಟ್ಟಡ. ಮೇಲೆ ಎಂಟು ಶಹಾಬಾದ್ ಫರ್ಸಿ, ಅಂದರೆ ಕಲ್ಲಿನ ಚಪ್ಪಡಿ. ಹಾಸಿದಾಗ ಒರಟಾಗಿದ್ದಿರಬೇಕು. ನಮ್ಮ ಕಾಲಕ್ಕೆ ಜನ ಕೂತೂ ಕೂತೂ ಕನ್ನಡಿಯ ಹಾಗೆ ನುಣುಪಾಗಿತ್ತು. ಪೂರ್ವದ ಕಡೆಯ ಚಪ್ಪಡಿಯ ಮೇಲೆ ಯಾರೋ ಉಳಿಯಿಂದ ಚೌಕಾಬಾರಾದ ಮನೆ ಕೊರೆದಿದ್ದರು. ಐದೈದು ಇಪ್ಪತ್ತೈದು ಮನೆ, ನಾಲ್ಕು ಬದಿಯಲ್ಲಿ ಮತ್ತು ನಡುವೆ ಕತ್ತರಿ ಗುರುತು. ಕವಡೆ ಇಲ್ಲದಿದ್ದರೆ ಹುಣಸೆ ಬೀಜ ತೇಯ್ದು ಆಡುತ್ತಿದ್ದೆವು. ಆ ಗೆರೆಗಳಲ್ಲಿ ಮಿರ್ಚಿ ಭಜಿ ತಿಂದ ಕೈಯ ಎಣ್ಣೆ ಇಳಿದು ಕಪ್ಪಾಗಿತ್ತು. ಕಣ್ಣು ಮುಚ್ಚಿ ಬೆರಳು ಆಡಿಸಿದರೂ ಯಾವ ಮನೆ ಎಂದು ಹೇಳುತ್ತಿದ್ದೆ.

ಆ ಒಂದು ಕಟ್ಟಿಗೆ ವರ್ಷವಿಡೀ ಕೆಲಸ ಇತ್ತು. ಯುಗಾದಿಗೆ ಅಲ್ಲಿ ಪಂಚಾಂಗ ಓದುತ್ತಿದ್ದರು. ಕಾರಹುಣ್ಣಿಮೆಗೆ ಬಣ್ಣ ಹಚ್ಚಿದ ಎತ್ತು ಅದರ ಮುಂದೆಯೇ ಓಡಬೇಕು. ಮೊಹರಂ ಬಂದರೆ ಕಟ್ಟಿ ಎದುರು ಬೆಂಕಿ ಹಾಕುವ ಅಲಾಯಿ ಕುಣಿ ತೋಡುತ್ತಿದ್ದರು. ಹೋಳಿಗೆ ಕಾಮಣ್ಣನನ್ನು ಸುಡುವುದೂ ಅಲ್ಲೇ. ಹಿಂದೂಗಳು ಯಾರು, ಮುಸಲ್ಮಾನರು ಯಾರು ಎಂದು ಆ ದಿನಗಳಲ್ಲಿ ಕಟ್ಟಿ ಮೇಲೆ ಕೂತವರನ್ನು ನೋಡಿ ಹೇಳಲು ಆಗುತ್ತಿರಲಿಲ್ಲ. ಶ್ರಾವಣದ ರಾತ್ರಿ ಪುರಾಣ. ಬೇಸಿಗೆಯಲ್ಲಿ ಮರದ ಬುಡಕ್ಕೆ ಅರವಟಿಗೆ: ಎರಡು ಮಣ್ಣಿನ ಹರವಿ, ಮೇಲೊಂದು ಒದ್ದೆ ಚೀಲ, ಒಂದು ಉದ್ದ ಹಿಡಿಕೆಯ ಸೌಟು.

ಒಂದು ಮಾತನ್ನು ಮುಚ್ಚಿಡಬಾರದು. ಆ ಕಟ್ಟಿ ಗಂಡಸರದ್ದು. ಹೆಣ್ಣುಮಕ್ಕಳು ಸಣ್ಣವರಿದ್ದಾಗ ಚೌಕಾಬಾರಾ ಆಡಬಹುದು. ದೊಡ್ಡವರಾದ ಮೇಲೆ ಸೆರಗು ಹೊದ್ದು ಅದರ ಮುಂದೆ ಬೇಗ ಬೇಗ ನಡೆದು ಹೋಗಬೇಕು. ವರ್ಷಕ್ಕೆ ಒಂದೇ ಹಬ್ಬ ನಮ್ಮದು. ನಾಗರ ಪಂಚಮಿಗೆ ಬೇವಿನ ದೊಡ್ಡ ಕೊಂಬೆಗೆ ಜೋಕಾಲಿ ಕಟ್ಟುತ್ತಿದ್ದರು. ಅವತ್ತು ಗಂಡಸರು ದೂರ. ಲಗ್ನವಾಗಿ ಹೋದ ಹೆಣ್ಣುಮಕ್ಕಳು ತವರಿಗೆ ಬಂದು, ಹೊಸ ಸೀರೆ ಉಟ್ಟು, ಇಬ್ಬಿಬ್ಬರು ನಿಂತು ಜೀಕುತ್ತಿದ್ದರು. ನಮ್ಮ ಅವ್ವ ಜೀಕಿದ್ದನ್ನು ನಾನು ನೋಡಿದ್ದೇನೆ. ಕಾಲು ಕೊಂಬೆಯ ಎಲೆಗೆ ತಾಗುವಷ್ಟು ಮೇಲಕ್ಕೆ ಹೋಗುತ್ತಿದ್ದಳು. ಅಷ್ಟು ಜೋರಾಗಿ ನಕ್ಕ ಅವ್ವನನ್ನು ನಾನು ಮನೆಯಲ್ಲಿ ಕಂಡದ್ದು ಕಡಿಮೆ. ಹಳೆಯದನ್ನು ಹಾಗೇ ತನ್ನಿ ಎಂದು ನಾನು ಕೇಳುತ್ತಿಲ್ಲ. ಕಟ್ಟಿ ಬೇಕು, ಆದರೆ 365 ದಿನವೂ ಅವ್ವ ಕೂರುವಂಥ ಕಟ್ಟಿ ಬೇಕು.

ನಾನು ಕುಂದಾಪುರದಲ್ಲಿ ಇದ್ದಾಗಲೇ ರಸ್ತೆ ಅಗಲ ಮಾಡುವ ಕೆಲಸ ಬಂತು. ಅಣ್ಣ ಫೋನ್ ಮಾಡಿ ಹೇಳಿದ. ಬೆಳಿಗ್ಗೆ ಆರಕ್ಕೆ ಜೆಸಿಬಿ ಬಂದು ಹತ್ತು ಗಂಟೆಗೆ ಎಲ್ಲ ಮುಗಿದಿತ್ತಂತೆ. ಊರಿನ ಹೆಸರು ನಾನು ಬೇಕೆಂದೇ ಬರೆಯುತ್ತಿಲ್ಲ. ಯಾರೋ ಒಬ್ಬರನ್ನು ಬೆರಳು ಮಾಡಿ ತೋರಿಸುವುದು ನನ್ನ ಉದ್ದೇಶ ಅಲ್ಲ. ರಸ್ತೆ ಬೇಕಿತ್ತು, ಒಪ್ಪುತ್ತೇನೆ. ಆದರೆ ಮರದ ಬದಲು ಏನು ಬಂತು? ನಾಲ್ಕು ಸ್ಟೀಲ್ ಬೆಂಚು. ಮೇಲೆ ನೆರಳಿಲ್ಲ. ಮುಖ ರಸ್ತೆಗೆ. ಏಪ್ರಿಲ್‌ನಲ್ಲಿ ಬೆಳಿಗ್ಗೆ ಹತ್ತಾದ ಮೇಲೆ ಅದನ್ನು ಮುಟ್ಟಲು ಆಗುವುದಿಲ್ಲ. ನಾನು ಒಮ್ಮೆ ಮಧ್ಯಾಹ್ನ ಕೈ ಇಟ್ಟು ನೋಡಿದೆ, ತವಾಕ್ಕೆ ಕೈ ತಾಗಿದ ಹಾಗೆ ಆಯಿತು. ಸಂಜೆ ಕೂತರೆ ಮೊಳಕಾಲಿಗೆ ಗಾಡಿ ತಾಗುವಷ್ಟು ಹತ್ತಿರ. ಎರಡು ವರ್ಷದಲ್ಲಿ ಅಲ್ಲಿ ಯಾರಾದರೂ ಹತ್ತು ನಿಮಿಷ ಕೂತದ್ದನ್ನು ನಾನು ಕಂಡಿಲ್ಲ.

ಬಿಸಿಲು ಎಷ್ಟು ಎಂದು ಸರ್ಕಾರಕ್ಕೆ ಗೊತ್ತಿದೆ ಅಲ್ವಾ? ಪ್ರತಿ ವರ್ಷ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ವಿಭಾಗದ ಕಚೇರಿಗಳ ಸಮಯ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಾಗುತ್ತದೆ. ಒಳ್ಳೆಯ ನಿರ್ಧಾರ. ಆದರೆ ಒಂದೂವರೆಗೆ ಕಚೇರಿ ಮುಚ್ಚಿದ ಮೇಲೆ, ಸಹಿ ಹಾಕಿಸಲು ಹಳ್ಳಿಯಿಂದ ಬಂದ ಅಜ್ಜಿ ಸಂಜೆಯ ಬಸ್ಸಿನ ತನಕ ಎಲ್ಲಿ ಕೂರಬೇಕು? ನೌಕರರಿಗೆ ತೋರಿಸಿದ ಕರುಣೆಯನ್ನು ಬೀದಿಯಲ್ಲಿರುವವರಿಗೂ ತೋರಿಸಿ.

ನೆರಳಿನ ವಿದ್ಯೆ ನಮ್ಮ ನೆಲಕ್ಕೆ ಹೊಸದಲ್ಲ. ಕಲಬುರಗಿ ಕೋಟೆಯೊಳಗಿನ ಜಾಮಿಯಾ ಮಸೀದಿ ನೋಡಿ. 1367ರದ್ದು. ಬೇರೆ ಮಸೀದಿಗಳ ಹಾಗೆ ನಡುವೆ ಬಯಲು ಅಂಗಳ ಇಲ್ಲ, ಪೂರ್ತಿ ಗುಮ್ಮಟಗಳ ಮಾಡು. ಹಾಗೆ ಕಟ್ಟಿದ್ದಕ್ಕೆ ಪಂಡಿತರು ಯಾವ ಕಾರಣ ಹೇಳಿದರೂ ಸರಿ, ಮೇ ತಿಂಗಳಲ್ಲಿ ಆ ಕಮಾನುಗಳ ಕೆಳಗೆ ಕಾಲಿಟ್ಟವರ ಮೈಗೆ ಅದರ ಬೆಲೆ ಗೊತ್ತಾಗುತ್ತದೆ. ಬೀದರ್‌ನಲ್ಲಿ ನಾಲ್ಕು ದಾರಿ ಕೂಡುವಲ್ಲಿ ಚೌಬಾರ ನಿಂತಿದೆ, ಊರಿಗೆಲ್ಲ ಅದೇ ಗುರುತು. ಕಲಬುರಗಿಯಲ್ಲಿ ಅಪ್ಪನ ಕೆರೆಯ ದಂಡೆಗೆ ಸಂಜೆ ಜನ ಬರುತ್ತಾರೆ, ನೀರು ಕಂಡರೆ ಸಾಕು ಎಂದು. ಶರಣಬಸವೇಶ್ವರ ಜಾತ್ರೆಗೆ, ಬಂದೇ ನವಾಜರ ಉರುಸಿಗೆ ಬಂದವರು ನೆಲದ ಮೇಲೆ ಬುತ್ತಿ ಬಿಚ್ಚಿ ಕೂರುತ್ತಾರೆ. ಬಸವಕಲ್ಯಾಣ ನಮ್ಮದೇ. 12ನೇ ಶತಮಾನದಲ್ಲಿ ಅಂಬಿಗ, ಮಡಿವಾಳ, ಸಮಗಾರ, ಅಕ್ಕಂದಿರು ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಮಾತಾಡಿದ ಅನುಭವ ಮಂಟಪದ ನೆನಪು ಹೊತ್ತ ಊರು. ಯಾರನ್ನೂ ಏಳು ಅನ್ನದ ಜಾಗದ ಬಗ್ಗೆ ಕಲಿಯಲು ನಾವು ಕರಾವಳಿಗೇ ಹೋಗಬೇಕಾಗಿಲ್ಲ.

ಕರಾವಳಿಯವರಿಗೂ ಕಷ್ಟ ಇದೆ. ಹೆದ್ದಾರಿ ಅಗಲವಾದಾಗ ಅವರೂ ಸಾಲು ಮರ, ಗೂಡಂಗಡಿ ಕಳೆದುಕೊಂಡರು. ಮಳೆಗಾಲದಲ್ಲಿ ಕಡಲು ಕೊರೆದು ತೆಂಗಿನ ಮರ ಉರುಳುವುದನ್ನು ನಾನೇ ನೋಡಿದ್ದೇನೆ. ಆದರೆ ಅವರ ತೀರಕ್ಕೆ ಒಂದು ಕಾವಲು ಇದೆ. ಸಮುದ್ರದ ಅಂಚಿನಲ್ಲಿ ಬೇಕಾದ ಹಾಗೆ ಕಟ್ಟಡ ಕಟ್ಟುವುದನ್ನು ತಡೆಯಲು 1991ರಲ್ಲೇ ಕರಾವಳಿ ನಿಯಂತ್ರಣ ವಲಯದ ನಿಯಮ ಬಂತು. ನಮ್ಮ ಕಟ್ಟಿಗೂ ಕಾವಲು ಇಲ್ಲದೆ ಇಲ್ಲ, ಯಾರೂ ಅದನ್ನು ತೆಗೆದು ನೋಡುವುದಿಲ್ಲ ಅಷ್ಟೇ. ಉದ್ಯಾನ, ಆಟದ ಮೈದಾನ, ತೆರೆದ ಜಾಗಗಳನ್ನು ಉಳಿಸಲು ರಾಜ್ಯದಲ್ಲಿ 1985ರ ಕಾಯ್ದೆ ಇದೆ. ಮರ ಕಡಿಯಲು ಅನುಮತಿ ಬೇಕು ಎನ್ನುವ 1976ರ ಕಾಯ್ದೆ ಇದೆ. ಬೀದಿ ವ್ಯಾಪಾರಿಗಳನ್ನು ಸುಮ್ನೆ ಎಬ್ಬಿಸುವ ಹಾಗಿಲ್ಲ ಎನ್ನುವ 2014ರ ಕಾಯ್ದೆಯೂ ಇದೆ. ಮೂರೂ ನಿಮ್ಮ ಕಚೇರಿಗೆ ಗೊತ್ತಿರುವಂಥವೇ.

ಹಾಗಾದರೆ ಏನು ಮಾಡಬೇಕು ಎಂದು ನೀವು ಕೇಳಬಹುದು. ಮೊದಲು, ನಿಮ್ಮ ನಿಮ್ಮ ವಾರ್ಡಿನಲ್ಲಿ ಎಷ್ಟು ಕಟ್ಟಿ ಇವೆ ಎಂದು ನಡೆದು ಎಣಿಸಿ. ಒಂದು ರಿಜಿಸ್ಟರ್‌ನಲ್ಲಿ ಬರೆಯಿರಿ: ಯಾವ ಮರ, ಎಷ್ಟು ಅಗಲ, ಯಾರು ಬಂದು ಕೂರುತ್ತಾರೆ, ಯಾವ ಹೊತ್ತಿಗೆ. ಕಾಗದದಲ್ಲಿ ಇಲ್ಲದ ಕಟ್ಟಿ ರಸ್ತೆಯ ನಕ್ಷೆಯಲ್ಲೂ ಇರುವುದಿಲ್ಲ. ನಕ್ಷೆ ಬರೆಯುವ ಎಂಜಿನಿಯರ್‌ಗೆ ಅದು ಖಾಲಿ ಜಾಗ. ರಿಜಿಸ್ಟರ್‌ನಲ್ಲಿ ಇದ್ದರೆ ರಸ್ತೆಯನ್ನು ಮೂರು ಅಡಿ ಪಕ್ಕಕ್ಕೆ ಸರಿಸಬಹುದಾ ಎಂಬ ಮಾತಾದರೂ ಬರುತ್ತದೆ.

ಹೊಸದು ಕಟ್ಟುವಾಗ ಸ್ಟೀಲ್ ಬೇಡ. ನಮ್ಮ ಕಾಲ ಕೆಳಗೇ ಶಹಾಬಾದ್ ಕಲ್ಲಿನ ಗಣಿ ಇದೆ. ದೇಶದ ಎಷ್ಟೋ ಮನೆಗಳ ನೆಲಕ್ಕೆ ಹೋದ ಕಲ್ಲು ಅದು, ನಮ್ಮ ಕಟ್ಟಿಗೆ ಆಗದೆ ಇರುತ್ತದೆಯೇ? ಆದರೆ ಕಲ್ಲಿಗೂ ನೆರಳು ಬೇಕು. ಬೇವೇ ನೆಡಿ. ಬೇರೆ ಗಿಡ ಬೋಳಾಗಿ ನಿಂತ ಹೊತ್ತಿಗೆ, ಚೈತ್ರದಲ್ಲಿ, ಬೇವು ಹೊಸ ಎಲೆ ಬಿಡುತ್ತದೆ. ನಮಗೆ ನೆರಳು ಬೇಕಾಗುವುದೂ ಆಗಲೇ. ಅದು ದೊಡ್ಡದಾಗಲು ವರ್ಷಗಳು ಬೇಕು. ಅಲ್ಲಿಯವರೆಗೆ ತಗಡಿನ ಬದಲು ಹುಲ್ಲಿನ ಚಪ್ಪರವೋ ದಪ್ಪ ಬಟ್ಟೆಯ ನೆರಳೋ ಹಾಕಿ. ತಗಡು ಕಾದರೆ ಕೆಳಗೆ ಕೂತವರ ತಲೆ ಸಿಡಿಯುತ್ತದೆ.

ಗೇಟು ಬೇಡ, ಟಿಕೆಟ್ ಬೇಡ. ಇದನ್ನು ಕೈ ಮುಗಿದು ಕೇಳುತ್ತೇನೆ. ಐದು ರೂಪಾಯಿಯ ಟಿಕೆಟ್ಟೂ ಬೇಡ. ಟಿಕೆಟ್ ಇಟ್ಟ ದಿನವೇ ಆ ಯಾದಗಿರಿ ಹೆಣ್ಣುಮಗಳು ಹೊರಗೆ ಉಳಿಯುತ್ತಾಳೆ. ಚಹಾ ಗಾಡಿ, ಭಜಿ ಗಾಡಿ, ಸುಸಲಾ ಮಾರುವವರನ್ನು ಅಲ್ಲಿಂದ ಓಡಿಸಬೇಡಿ. ಅವರು ಇದ್ದರೆ ಬೆಳಕು ಇರುತ್ತದೆ, ಬೆಳಕು ಇದ್ದರೆ ಹೆಣ್ಣುಮಕ್ಕಳು ಬರುತ್ತಾರೆ.

ಶೌಚಾಲಯದ ಮಾತು ಹೇಳಲು ಯಾರೂ ಸಂಕೋಚ ಪಡಬಾರದು. ಹೊನ್ನಾವರದ ಕಾಸರಕೋಡು ಮತ್ತು ಪಡುಬಿದ್ರಿ ತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಅದಕ್ಕೆ ಕಡಲಿನ ಚಂದ ಒಂದೇ ಸಾಲಲಿಲ್ಲ. ನೀರು ಶುದ್ಧ ಇದೆಯಾ, ಶೌಚಾಲಯ ಇದೆಯಾ, ಅಂಗವಿಕಲರು ಬರಬಹುದಾ, ರಕ್ಷಣೆಗೆ ಜನ ಇದ್ದಾರಾ ಎಂದೆಲ್ಲ ನೋಡುತ್ತಾರೆ. ಅಷ್ಟು ದೊಡ್ಡ ಸಮುದ್ರ ಇದ್ದವರಿಗೇ ಅದು ಬೇಕು ಅಂದಮೇಲೆ ನಮಗೆ ಬೇಡವಾ? ಸಕ್ಕರೆ ಕಾಯಿಲೆ ಇರುವ ಅವ್ವ ಅರ್ಧ ಗಂಟೆಗಿಂತ ಜಾಸ್ತಿ ಹೊರಗೆ ಇರುವುದಿಲ್ಲ. ಕಾರಣ ಅದೊಂದೇ. ನೀರು ಬರುವ, ಬೀಗ ಹಾಕದ, ಒಳಗಿನಿಂದ ಚಿಲಕ ಇರುವ ಒಂದು ಕೋಣೆ ಕಟ್ಟಿ. ಸ್ವಚ್ಛ ಮಾಡುವವರಿಗೆ ತಿಂಗಳಿಗೆ ಸರಿಯಾಗಿ ಸಂಬಳ ಕೊಡಿ.

ದುಡ್ಡಿನ ಮಾತೂ ಬರುತ್ತದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಇದೆ, ಅಭಿವೃದ್ಧಿ ಮಂಡಳಿ ಇದೆ. ಸಭಾಭವನಗಳು ಏಳುತ್ತಿವೆ, ವೃತ್ತಗಳಲ್ಲಿ ಕಾರಂಜಿ ಏಳುತ್ತಿವೆ. ಸಭಾಭವನಕ್ಕೆ ಬಾಡಿಗೆ ಕೊಟ್ಟವರು ಮಾತ್ರ ಹೋಗಬಹುದು. ಕಾರಂಜಿಯನ್ನು ಗಾಡಿಯಲ್ಲಿ ಹೋಗುವವರು ಅರೆಗಳಿಗೆ ನೋಡುತ್ತಾರೆ. ಒಂದು ಕಟ್ಟಿಗೆ ಅದರಲ್ಲಿ ಎಷ್ಟು ಪಾಲು ಬೇಕು, ನೀವೇ ಅಂದಾಜು ಮಾಡಿ.

ಕಳೆದ ತಿಂಗಳು ಅವ್ವನ ಜೊತೆ ನೀರಿನ ಟ್ಯಾಂಕಿನ ಹಿಂದಿನ ದಾರಿಯಲ್ಲಿ ಬರುತ್ತಿದ್ದೆ. ಅಲ್ಲಿ ಹಳೆಯ ಪೈಪು, ಮುರಿದ ಕಸದ ಗಾಡಿ ಹಾಕುವ ಜಾಗ. ಅವ್ವ ತಟ್ಟನೆ ನಿಂತಳು. ಗೋಡೆಗೆ ಒರಗಿಸಿದ್ದ ಕಲ್ಲುಗಳ ಕಡೆ ಕೈ ತೋರಿಸಿದಳು. ನಮ್ಮ ಕಟ್ಟಿಯ ಫರ್ಸಿ. ಆರು ಉಳಿದಿವೆ, ಎರಡು ಒಡೆದಿವೆ. ಅವ್ವ ಬಗ್ಗಿ ಒಂದರ ಮೇಲಿನ ಮಣ್ಣನ್ನು ಸೆರಗಿನಿಂದ ಒರೆಸಿದಳು. ಚೌಕಾಬಾರಾದ ಗೆರೆ ಹಾಗೇ ಇವೆ. ನಡುವಿನ ಮನೆಯ ಕತ್ತರಿ ಗುರುತು ಕೂಡ.

ಆ ಕಲ್ಲು ಸಾಗಿಸಲು ಒಂದು ಟ್ರ್ಯಾಕ್ಟರ್, ಆರು ಜನ ಆಳು ಸಾಕು. ಬಸ್ ಸ್ಟ್ಯಾಂಡಿನ ಹಿಂದೆ, ಹಳೆಯ ಬಾವಿಯ ಪಕ್ಕ, ಇಬ್ಬರು ತಬ್ಬಿದರೆ ಸಾಲದಷ್ಟು ದೊಡ್ಡ ಬೇವಿನ ಮರ ಇನ್ನೂ ನಿಂತಿದೆ. ಅದರ ಬುಡ ಸರ್ಕಾರಿ ಜಾಗ. ನಮ್ಮ ಓಣಿಯ 17 ಹೆಣ್ಣುಮಕ್ಕಳು ಅರ್ಜಿಗೆ ಸಹಿ ಹಾಕಿದ್ದೇವೆ, ಅವ್ವನದು ಹೆಬ್ಬೆಟ್ಟು. ಮುಂದಿನ ಸಾಮಾನ್ಯ ಸಭೆಯ ದಿನಾಂಕ ತಿಳಿಸಿದರೆ ಅರ್ಜಿ ಹಿಡಿದುಕೊಂಡು ಬರುತ್ತೇವೆ.

ಇಂತಿ ನಿಮ್ಮ,
ಊರಿಗೆ ಮರಳಿದ ಒಬ್ಬ ಶಿಕ್ಷಕಿ
ಕಲಬುರಗಿ ಜಿಲ್ಲೆ